ಹೊಳೆಗೆ ಇಳಿಯುವ ಮುಂಚೆ: ನೀರನ್ನು ಎಷ್ಟು ನಂಬಬಹುದು, ಹೇಗೆ ನೋಡಬೇಕು

ಏಪ್ರಿಲ್ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಇದೇ ಮಾತು. ಭಾನುವಾರ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋಗೋಣವಾ, ತಲಕಾಡಿಗಾ, ಇಲ್ಲಾ ರಜೆ ಹಾಕಿ ಘಾಟಿ ಇಳಿದು ಮಂಗಳೂರಿನ ಬೀಚಿಗೇ ಹೋಗಿಬಿಡೋಣವಾ? ಬುತ್ತಿ ಏನು, ಗಾಡಿ ಯಾರದು ಎಲ್ಲಾ ತೀರ್ಮಾನ ಆಗುತ್ತದೆ. ನೀರು ಹೇಗಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ "ಹರಿಯೋ ನೀರು ಕಣ್ರೀ, ಏನೂ ಆಗಲ್ಲ" ಅನ್ನುವ ಉತ್ತರ ಬರುತ್ತದೆ. ಇನ್ನು ಕೆಲವರು ಪೇಪರಿನಲ್ಲಿ ಒಂದು ಸುದ್ದಿ ಓದಿ, ಕಾವೇರಿ ಪೂರ್ತಿ ಕೆಟ್ಟುಹೋಗಿದೆ ಅಂತ ಮಕ್ಕಳನ್ನು ಹೊಳೆ ಕಡೆಗೇ ಬಿಡುವುದಿಲ್ಲ. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ನೀರು ಜಾಗದಿಂದ ಜಾಗಕ್ಕೆ ಬೇರೆ ಇರುತ್ತದೆ, ಒಂದೇ ಜಾಗದಲ್ಲೂ ವಾರದಿಂದ ವಾರಕ್ಕೆ ಬದಲಾಗುತ್ತದೆ. ಈ ಜಾಗದಲ್ಲಿ, ಈ ವಾರ ನೀರು ಹೇಗಿದೆ ಅಂತ ತಿಳಿದುಕೊಳ್ಳಲು ಸಾಮಾನ್ಯ ಜನ ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಬಲಮುರಿ, ಎಡಮುರಿ, ಸಂಗಮದಲ್ಲಿ ನೀರಿಗಿಳಿದು ಜೀವ ಕಳೆದುಕೊಂಡವರ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಅವರನ್ನು ಕೊಂದದ್ದು ಸುಳಿ, ಮಡು, ಪಾಚಿ ಹಿಡಿದ ಬಂಡೆ. ಇಳಿಯಬಾರದು ಅಂತ ಬೋರ್ಡ್ ಹಾಕಿರುವ ಕಡೆ, ಪೊಲೀಸರು ತಡೆದಿರುವ ಕಡೆ, ನೀರು ಎಷ್ಟೇ ಶುದ್ಧವಾಗಿದ್ದರೂ ಇಳಿಯಬೇಡಿ. ವಿ.ಸಿ. ನಾಲೆ, ವರುಣಾ ನಾಲೆಗಂತೂ ಈಜಲು ಹೋಗಲೇಬೇಡಿ. ಬದಿಯ ಇಳಿಜಾರು ಜಾರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಚೆನ್ನಾಗಿ ಈಜು ಬರುವವರಿಗೂ ಹತ್ತಿ ಬರಲು ಆಗುವುದಿಲ್ಲ.

1. ಮೂರು ದಿನದ ಮಳೆ ಲೆಕ್ಕ ಹಾಕಿ

ಎಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಪರೀಕ್ಷೆ ಇದು. ಜೋರು ಮಳೆ ಬಂದಾಗ ರಸ್ತೆಯ ಕಸ, ಕೊಟ್ಟಿಗೆಯ ಗಂಜಲ, ಗದ್ದೆಗೆ ಹೊಡೆದ ಔಷಧಿ, ತುಂಬಿ ಉಕ್ಕಿದ ಒಳಚರಂಡಿ ನೀರು ಎಲ್ಲವೂ ಮೋರಿ ಹಿಡಿದು ಹೊಳೆ ಸೇರುತ್ತವೆ. ಅದರಲ್ಲೂ ಬೇಸಿಗೆ ಮುಗಿದು ಬೀಳುವ ಮೊದಲ ಮಳೆಗಳು ತಿಂಗಳುಗಟ್ಟಲೆ ಕೂಡಿದ ಕೊಳೆಯನ್ನು ಒಂದೇ ಸಲಕ್ಕೆ ತೊಳೆದುಕೊಂಡು ಬರುತ್ತವೆ. ಬೀಚುಗಳನ್ನು ತಪ್ಪದೆ ಪರೀಕ್ಷೆ ಮಾಡುವ ಊರುಗಳಲ್ಲೂ ಇದೇ ಮೊದಲ ಸೂತ್ರ. ಅಮೆರಿಕದ ಲಾಸ್ ಏಂಜಲೀಸ್ ಕಡೆ ಮಳೆ ಆದ ಮೇಲೆ 72 ಗಂಟೆ ಸಮುದ್ರಕ್ಕೆ ಇಳಿಯಬೇಡಿ ಅನ್ನುತ್ತಾರೆ. ಸಿಡ್ನಿಯಲ್ಲಿ ತೆರೆದ ಸಮುದ್ರದ ಬೀಚಿಗೆ ಒಂದು ದಿನ, ಬಂದರಿನ ಒಳಗಡೆ ಅಥವಾ ಅಳಿವೆಯ ಹತ್ತಿರ ಇರುವ ಜಾಗಕ್ಕೆ ಮೂರು ದಿನದವರೆಗೆ ದೂರ ಇರಲು ಹೇಳುತ್ತಾರೆ. ಒಳಗಡೆ ನೀರು ಬೇಗ ಬದಲಾಗುವುದಿಲ್ಲ, ಅದಕ್ಕೇ ಜಾಸ್ತಿ ದಿನ.

ನಮ್ಮ ಹೊಳೆಗೂ ಅದೇ ಮೂರು ದಿನ ಇಟ್ಟುಕೊಳ್ಳಿ. ನಿಮ್ಮ ಬಡಾವಣೆಯಲ್ಲಿ ಮಳೆ ಬಂದಿಲ್ಲ ಅಂದರೆ ಸಾಲದು. ಕೊಡಗಿನಲ್ಲಿ, ಹುಣಸೂರಿನಲ್ಲಿ, ವಯನಾಡಿನಲ್ಲಿ ಬಂದಿದೆಯಾ ನೋಡಿ. ಕಪಿಲೆಯ, ಅಂದರೆ ಕಬಿನಿಯ ನೀರು ವಯನಾಡಿನಿಂದ ಬರುತ್ತದೆ, ನಂಜನಗೂಡಿನಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಕೆಂಪಗಿರಬಹುದು.

2. ಮೇಲುಗಡೆ ಏನಿದೆ ನೋಡಿ

ಫೋನಿನಲ್ಲಿ ಮ್ಯಾಪ್ ತೆಗೆದು ನೀವು ಇಳಿಯುವ ಜಾಗದಿಂದ ಹೊಳೆ ಹಿಡಿದು ಮೇಲಕ್ಕೆ ಹೋಗಿ. ಯಾವ ಊರು ಬರುತ್ತದೆ, ಯಾವ ಹಳ್ಳ ಬಂದು ಸೇರುತ್ತದೆ, ಕಾರ್ಖಾನೆ ಇದೆಯಾ?

ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. ಕೆ.ಆರ್.ಎಸ್‌ನಿಂದ ಬಂದ ನೀರು ಬಲಮುರಿ, ರಂಗನತಿಟ್ಟು ದಾಟಿ ಪಟ್ಟಣದ ಹತ್ತಿರ ಎರಡು ಕವಲಾಗುತ್ತದೆ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುತ್ತಾರೆ. ಸ್ನಾನಘಟ್ಟದಲ್ಲಿ ಬಟ್ಟೆ, ಸೋಪು, ಶಾಂಪೂ ಪೊಟ್ಟಣ ಎಲ್ಲಾ ನೀರಿಗೆ ಬೀಳುತ್ತವೆ. ಕರಿಘಟ್ಟದ ಬಳಿ ಲೋಕಪಾವನಿ ಬಂದು ಕೂಡುತ್ತದೆ. ಪಟ್ಟಣ, ಗಂಜಾಂ ಎಲ್ಲಾ ಮುಗಿದ ಮೇಲೆ ಸಿಗುವುದು ಸಂಗಮ. ಅಂದರೆ ದ್ವೀಪದ ಎರಡೂ ಬದಿಯಿಂದ ಏನೇನು ಸೇರಿತೋ ಅದೆಲ್ಲ ಸಂಗಮದಲ್ಲಿ ಒಟ್ಟಾಗುತ್ತದೆ. ಜನ ಜಾಸ್ತಿ ಇಳಿಯುವುದೂ ಅಲ್ಲೇ.

ಮೈಸೂರಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನಾವು ತಿಳಿದಿರಬೇಕು. ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯಲ್ಲಿ ಶುದ್ಧೀಕರಣ ಘಟಕಗಳಿವೆ. ದಕ್ಷಿಣದ ಕಡೆಯ ನೀರು ದಳವಾಯಿ ಕೆರೆ ಹಾದು ಕಪಿಲೆಯ ಕಡೆಗೆ ಇಳಿಯುತ್ತದೆ, ಉತ್ತರದ ಕಡೆಯದು ಕಾವೇರಿಯ ಕಡೆಗೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿ ಇತ್ತು, ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆ ಇತ್ತು, ಹುಣಸೂರಿನ ಲಕ್ಷ್ಮಣತೀರ್ಥವೂ ಇತ್ತು. ನಾವು ಮೈಸೂರಿನವರು ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮುಳುಗು ಹಾಕುವಾಗ ನಮ್ಮದೇ ಮನೆಗಳ ನೀರು ಸ್ವಲ್ಪ ದೂರ ಸುತ್ತಿ ನಮಗೇ ಎದುರಾಗುತ್ತದೆ. ಇದನ್ನು ಬೇಜಾರಿನಿಂದಲೇ ಹೇಳುತ್ತಿದ್ದೇನೆ.

ಊರಿನ ಮೇಲುಗಡೆಯ ಜಾಗ ಊರಿನ ಕೆಳಗಡೆಯ ಜಾಗಕ್ಕಿಂತ ಯಾವಾಗಲೂ ವಾಸಿ. ಮೋರಿ ಬಂದು ಬೀಳುವ ಬಾಯಿಂದ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು.

3. ಮಂಡಳಿಯ ಪಟ್ಟಿ ಓದಿ, ಆದರೆ ಸರಿಯಾಗಿ ಓದಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳಲ್ಲಿ ಗೊತ್ತು ಮಾಡಿದ ಜಾಗಗಳಿಂದ ನೀರು ತೆಗೆದು ಪರೀಕ್ಷೆ ಮಾಡುತ್ತದೆ, ಫಲಿತಾಂಶವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಎ ಯಿಂದ ಇ ತನಕ ಐದು ದರ್ಜೆ. ಇಲ್ಲೇ ಬಹಳ ಜನ ಎಡವುತ್ತಾರೆ.

ಎ ಅಂದರೆ ಕ್ಲೋರಿನ್‌ನಂಥದ್ದರಿಂದ ಕ್ರಿಮಿ ಕೊಂದರೆ ಸಾಕು, ಕುಡಿಯಬಹುದು. ಬಿ ಅಂದರೆ ಹೊರಗಡೆ ಸ್ನಾನಕ್ಕೆ ಆಗುತ್ತದೆ. ಸಿ ಅಂದರೆ ಪೂರ್ತಿ ಶುದ್ಧೀಕರಣ ಮಾಡಿ ಕುಡಿಯಲು ಕೊಡಬಹುದು. ಡಿ ಮೀನು, ಪ್ರಾಣಿಗಳಿಗೆ. ಇ ನೀರಾವರಿಗೆ, ಕಾರ್ಖಾನೆಯ ಕೂಲಿಂಗಿಗೆ. "ಸಿ ದರ್ಜೆ, ಕುಡಿಯುವ ನೀರಿನ ಮೂಲ" ಅಂತ ಓದಿದ ಕೂಡಲೇ ಕುಡಿಯಲು ಆಗುವ ನೀರು ಸ್ನಾನಕ್ಕೆ ಆಗಲ್ವಾ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಸಿ ದರ್ಜೆಯ ನೀರು ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕಿದ ಮೇಲೆ ಮಾತ್ರ ನಲ್ಲಿಗೆ ಬರುತ್ತದೆ. ನೀವು ಮುಳುಗುವುದು ಸೋಸದೇ ಇರುವ ನೀರಿನಲ್ಲಿ. ಬಿ ದರ್ಜೆಗೆ 100 ಮಿಲಿಲೀಟರ್ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ಕ್ಕಿಂತ ಜಾಸ್ತಿ ಇರಬಾರದು. ಸಿ ದರ್ಜೆಗೆ 5000ದವರೆಗೂ ಇರಬಹುದು. ಹತ್ತು ಪಟ್ಟು ವ್ಯತ್ಯಾಸ.

ಬರೀ ದರ್ಜೆ ನೋಡಿ ಬಿಡಬೇಡಿ, ಅಂಕಿಗಳು ಇದ್ದರೆ ಅವನ್ನೂ ನೋಡಿ. ಸ್ನಾನದ ನೀರಿಗೆ ಕೇಂದ್ರ ಮಂಡಳಿಯ ಅಳತೆ ಹೀಗಿದೆ. ಮಲದಿಂದ ಬರುವ ಕೋಲಿಫಾರ್ಮ್ 100 ಮಿಲಿಲೀಟರಿಗೆ 500ರ ಒಳಗಿದ್ದರೆ ಒಳ್ಳೆಯದು, 2500 ದಾಟಲೇಬಾರದು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಇವುಗಳಲ್ಲಿ ನಿಮಗೆ ಮುಖ್ಯವಾದದ್ದು ಕೋಲಿಫಾರ್ಮ್. ಮನುಷ್ಯರ, ದನಗಳ ಮಲ ನೀರಿಗೆ ಸೇರಿದೆ ಅಂತ ಅದು ಹೇಳುತ್ತದೆ. ಆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತಾವೇ ಕಾಯಿಲೆ ತರುವುದಿಲ್ಲ. ಆದರೆ ಅವು ಬಂದ ದಾರಿಯಲ್ಲೇ ಟೈಫಾಯ್ಡ್, ಕಾಮಾಲೆ, ಭೇದಿಯ ಕ್ರಿಮಿಗಳೂ ಬರುತ್ತವೆ.

ಇನ್ನೊಂದು ತೊಂದರೆ ಇದೆ. ಈ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು ನೋಡಬೇಕು, ಅದಕ್ಕೇ ಒಂದು ದಿನವಾದರೂ ಬೇಕು. ತಿಂಗಳಿಗೊಮ್ಮೆ ತೆಗೆದ ನೀರಿನ ಫಲಿತಾಂಶ ನಿಮಗೆ ಸಿಗುವ ಹೊತ್ತಿಗೆ ಹೊಳೆಯಲ್ಲಿ ಬೇರೆ ನೀರೇ ಹರಿಯುತ್ತಿರುತ್ತದೆ. ಹಾಗಾಗಿ ಒಂದೇ ತಿಂಗಳ ಅಂಕಿ ಹಿಡಿದುಕೊಂಡು ತೀರ್ಮಾನ ಮಾಡಬೇಡಿ. ಒಂದು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಯಾವ ತಿಂಗಳು ಕೆಡುತ್ತದೆ, ಯಾವ ತಿಂಗಳು ಸುಧಾರಿಸುತ್ತದೆ ಅಂತ ನೋಡಿ. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಸೇರುವ ಕೊಳಚೆ ಅಷ್ಟೇ ಇದ್ದರೂ ಬೆರೆಯಲು ನೀರು ಇರುವುದಿಲ್ಲ. ನಾವು ಸ್ನಾನಕ್ಕೆ ಓಡುವುದು ಅದೇ ಕಾಲದಲ್ಲಿ.

ಪಂಚಾಯಿತಿಯಲ್ಲಿ ಕುಡಿಯುವ ನೀರು ನೋಡಲು ಕೊಡುವ ಕಿಟ್ಟಿನಲ್ಲಿ ಒಂದು ಸಣ್ಣ ಬಾಟಲಿ ಇರುತ್ತದೆ, ನೀರು ತುಂಬಿಸಿ ಇಟ್ಟರೆ ಮಲದ ಸೋಂಕು ಇದ್ದಲ್ಲಿ ಕಪ್ಪಾಗುತ್ತದೆ. ಅದನ್ನು ಹೊಳೆಗೆ ತಂದು ಪರೀಕ್ಷೆ ಮಾಡಬಹುದಾ ಅಂತ ಕೇಳುವವರಿದ್ದಾರೆ. ಸುಮ್ನೆ ದಂಡ. ಇದೆಯೋ ಇಲ್ಲವೋ ಅಂತ ಮಾತ್ರ ಅದು ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ದನ ಇಳಿಯುವ ಯಾವ ಹೊಳೆಯ ನೀರಾದರೂ ಕಪ್ಪಾಗಿಯೇ ಆಗುತ್ತದೆ.

4. ಡ್ಯಾಮಿನಿಂದ ಎಷ್ಟು ಬಿಟ್ಟಿದ್ದಾರೆ?

ಕೆ.ಆರ್.ಎಸ್, ಕಬಿನಿಯ ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ. ಕೆ.ಆರ್.ಎಸ್‌ನ ಪೂರ್ಣ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರ ಇದ್ದು ಕೊಡಗಿನಲ್ಲಿ ಮಳೆ ಹಿಡಿದಿದ್ದರೆ ಯಾವ ಹೊತ್ತಿನಲ್ಲಾದರೂ ಗೇಟು ಎತ್ತಬಹುದು. ಸಂಗಮದಲ್ಲಿ ಹರಿಗೋಲು ನಡೆಸುವವರನ್ನು ಕೇಳಿ. "ಅಣ್ಣಾ, ಇವತ್ತು ನೀರು ಏರ್ತಾ ಇದ್ಯಾ?" ಅಂದರೆ ಸಾಕು, ಬೆಳಿಗ್ಗೆಯಿಂದ ಯಾವ ಕಲ್ಲು ಮುಳುಗಿತು ಅಂತಲೂ ಹೇಳುತ್ತಾರೆ. ಅವರು ಬೇಡ ಅಂದರೆ ಬೇಡ.

5. ನೀರಿನ ಹತ್ತಿರ ನಿಂತು ನೋಡಿ

ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲೂ ಕ್ರಿಮಿ ಇರಬಹುದು. ಕಣ್ಣು, ಮೂಗು ನೀರು ಒಳ್ಳೆಯದು ಅಂತ ಹೇಳಲಾರವು, ಕೆಟ್ಟಿದ್ದರೆ ಮಾತ್ರ ಹೇಳಬಲ್ಲವು. ಅಷ್ಟಕ್ಕೆ ಉಪಯೋಗಿಸಿ.

ಮೊಣಕಾಲು ನೀರಿನಲ್ಲಿ ನಿಂತರೆ ಪಾದ ಕಾಣಬೇಕು. ಕಾಣದಿದ್ದರೆ ಕೆಸರಿನ ಜೊತೆ ಕ್ರಿಮಿಯೂ ಇದೆ ಅಂದುಕೊಳ್ಳಿ, ಗಾಜು, ಗುಂಡಿಯೂ ಕಾಣುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಇಲ್ಲ. ಬೂದು ಬಣ್ಣದ ನೊರೆ ದಡಕ್ಕೆ ಅಂಟಿಕೊಂಡಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ವಾಪಸ್ ಬನ್ನಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಅದು ಮಾಮೂಲಿ ಪಾಚಿ ಇರಲಿಕ್ಕಿಲ್ಲ. ವಿಷ ಬಿಡುವ ಒಂದು ಜಾತಿಯ ಬ್ಯಾಕ್ಟೀರಿಯಾ ನಿಂತ ನೀರಿನಲ್ಲಿ ಹಾಗೆ ಹಬ್ಬುತ್ತದೆ. ಅದನ್ನು ಮುಟ್ಟಲೂಬೇಡಿ, ಜೊತೆಗೆ ನಾಯಿ ಇದ್ದರೆ ಕುಡಿಯಲು ಬಿಡಬೇಡಿ. ನಮ್ಮ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳು ದಂಡೆಯ ಮೇಲೆ ನಡೆಯಲಿಕ್ಕೆ, ಹಕ್ಕಿ ನೋಡಲಿಕ್ಕೆ. ಈಜಲಿಕ್ಕೆ ಅಲ್ಲ.

6. ಇಳಿಯುವಾಗ, ಇಳಿದ ಮೇಲೆ

ಮೈಮೇಲೆ ಆರದ ಗಾಯ ಇದ್ದರೆ ಇಳಿಯಬೇಡಿ. ಇಲಿ ಜ್ವರದ ಕ್ರಿಮಿ ಇಲಿಯ ಮೂತ್ರದಿಂದ ನೀರಿಗೆ ಸೇರಿ, ಗಾಯದಿಂದ ಅಥವಾ ಕಣ್ಣು, ಬಾಯಿಯಿಂದ ಒಳಗೆ ಹೋಗುತ್ತದೆ. ಮಳೆಗಾಲದ ಹೊಳೆಯಲ್ಲಿ, ಗದ್ದೆ ನೀರಿನಲ್ಲಿ ಈ ಭಯ ಜಾಸ್ತಿ.

ನೀರು ಕುಡಿಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳುವುದೂ ಮುಖ್ಯ. ಕೇರಳದಲ್ಲಿ 2024, 2025ರಲ್ಲಿ ಮೆದುಳಿಗೆ ಸೋಂಕು ತರುವ ಅಮೀಬಾದಿಂದ ಸಾವುಗಳಾದವು. ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ ಅದು ಇರುತ್ತದೆ, ಮೂಗಿನಿಂದಲೇ ಮೆದುಳಿಗೆ ಹೋಗುತ್ತದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಬೇಸಿಗೆಯಲ್ಲಿ ನಿಂತ ಮಡುವಿಗೆ ಧುಮುಕಬೇಡಿ, ತಳದ ಕೆಸರು ಕಲಕಬೇಡಿ. ತಲೆ ಮುಳುಗಿಸಲೇಬೇಕು ಅಂದರೆ ಮೂಗು ಬಿಗಿಯಾಗಿ ಹಿಡಿದುಕೊಳ್ಳಿ, ಇಲ್ಲವೇ ಈಜುವವರು ಹಾಕುವ ಮೂಗಿನ ಕ್ಲಿಪ್ ಹಾಕಿಕೊಳ್ಳಿ.

ಮೇಲೆ ಬಂದ ಮೇಲೆ ಒಳ್ಳೆಯ ನೀರಿನಲ್ಲಿ ಮೈ ತೊಳೆದುಕೊಳ್ಳಿ, ಕಿವಿ ಒರೆಸಿ, ಸೋಪು ಹಾಕಿ ಕೈ ತೊಳೆದೇ ಬುತ್ತಿ ಬಿಚ್ಚಿ. ಸೋಪು ಹೊಳೆಗೆ ಬೇಡ, ಬಾಟಲಿಯಲ್ಲಿ ನೀರು ತಂದು ದಡದ ಮೇಲೆ ತೊಳೆಯಿರಿ. 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಲು ಅಧಿಕಾರಿಗಳಿಗೆ ಸೂಚನೆ ಕೊಟ್ಟಿದ್ದರು. ಅದು ಸರಿಯಾದ ಮಾತು, ಜಾರಿ ಆಗುವಂತೆ ಮಾಡುವುದರಲ್ಲಿ ನಮ್ಮ ಪಾಲೂ ಇದೆ.

ಆಮೇಲಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಹಳದಿ ಮೂತ್ರ, ನಿಲ್ಲದ ಭೇದಿ, ಜೋರು ತಲೆನೋವು, ಕತ್ತು ಬಿಗಿ ಹೀಗೆ ಏನಾದರೂ ಕಂಡರೆ ಡಾಕ್ಟರ ಹತ್ತಿರ ಹೋಗಿ, ಅವರು ಕೇಳದಿದ್ದರೂ "ಇಂಥ ದಿನ ಹೊಳೆಯಲ್ಲಿ ಸ್ನಾನ ಮಾಡಿದ್ದೆ" ಅಂತ ನೀವೇ ಹೇಳಿ. ಆ ಒಂದು ಮಾತಿನಿಂದ ಯಾವ ಪರೀಕ್ಷೆ ಮಾಡಿಸಬೇಕು ಅಂತ ಅವರಿಗೆ ಬೇಗ ಹೊಳೆಯುತ್ತದೆ.

7. ಬೀಚಿಗೆ ಹೋಗುವವರಿಗೆ

ಮೈಸೂರಿನಿಂದ ಹೋಗುವವರು ಜಾಸ್ತಿ ಇಳಿಯುವುದು ಪಣಂಬೂರು, ತಣ್ಣೀರುಬಾವಿ, ಮಲ್ಪೆ. ಊರಿಗೆ ಅಂಟಿಕೊಂಡ ಬೀಚುಗಳಿಗೆ ಹೊಳೆಯ ನಿಯಮವೇ ಅನ್ವಯ: ಅಳಿವೆಯಿಂದ, ಮೋರಿ ಬಾಯಿಂದ ದೂರ ಹೋಗಿ, ಜೋರು ಮಳೆ ಬಂದ ಮೇಲೆ ಮೂರು ದಿನ ಬೇಡ. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವ ಜಾಗ ತಣ್ಣೀರುಬಾವಿಯ ದಕ್ಷಿಣ ತುದಿಯ ಕಡೆ ಇದೆ, ಆ ಕಡೆ ಇಳಿಯಬೇಡಿ. ಜೀವರಕ್ಷಕರು ಕೆಂಪು-ಹಳದಿ ಬಾವುಟ ನೆಟ್ಟ ಎರಡು ಕಂಬಗಳ ನಡುವೆಯೇ ಇರಿ. ಬರೀ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತಿಲ್ಲ.

ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ (ಶುದ್ಧ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಸಿಕ್ಕಿತು. ಆ ಬಾವುಟ ಹಾರಿಸಬೇಕಾದರೆ ಸಮುದ್ರದ ನೀರಿನಲ್ಲಿ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 250 ದಾಟಬಾರದು, ಈಜುವ ಕಾಲದಲ್ಲಿ ಎರಡು ಪರೀಕ್ಷೆಗಳ ನಡುವೆ 31 ದಿನಕ್ಕಿಂತ ಜಾಸ್ತಿ ಬಿಡಬಾರದು, ಫಲಿತಾಂಶವನ್ನು ಬೀಚಿನಲ್ಲೇ ಬೋರ್ಡಿನ ಮೇಲೆ ಹಾಕಬೇಕು. ಹೋದಾಗ ಆ ಬೋರ್ಡ್ ಹುಡುಕಿ, ತಾರೀಕು ನೋಡಿ. ಹಳೆಯದಿದ್ದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಿ.

ಮಕ್ಕಳಿಗೆ ಈಜು ಕಲಿಸುವುದಾದರೆ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಂಥ ಜಾಗವೇ ಸರಿ. ಅಲ್ಲೂ ತಳದ ಜಾಲರಿ ಸ್ಪಷ್ಟವಾಗಿ ಕಾಣುತ್ತಿದೆಯಾ ನೋಡಿ, ಇವತ್ತಿನ ಕ್ಲೋರಿನ್ ಎಷ್ಟು ಅಂತ ಕೇಳಿ. ಮೂಗಿಗೆ ಹೊಡೆಯುವ ಕ್ಲೋರಿನ್ ವಾಸನೆ ಶುದ್ಧ ಅನ್ನುವುದರ ಗುರುತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಆ ಘಾಟು ಹುಟ್ಟುತ್ತದೆ.

8. ಬೋರ್ಡ್ ಕೇಳಿ

ಇಷ್ಟೆಲ್ಲಾ ಪ್ರತಿ ಮನೆಯವರೂ ಮಾಡುತ್ತಾ ಕೂರಬೇಕಾ? ಬೇಕಿಲ್ಲ. ಸ್ನಾನಘಟ್ಟದ ಮೆಟ್ಟಿಲ ಹತ್ತಿರ ಒಂದು ಬೋರ್ಡ್ ಇದ್ದರೆ, ಅದರಲ್ಲಿ ಕೊನೆಯ ಪರೀಕ್ಷೆಯ ತಾರೀಕು, ಕೋಲಿಫಾರ್ಮ್ ಎಷ್ಟು, ಇವತ್ತು ಇಳಿಯಬಹುದಾ ಬೇಡವಾ ಅಂತ ಬರೆದಿದ್ದರೆ ಅರ್ಧ ಕೆಲಸ ಮುಗಿಯಿತು.

ಬೇರೆ ಊರುಗಳು ಜನರ ನಂಬಿಕೆ ಗಳಿಸಿದ್ದು ಹೀಗೆಯೇ. ಡೆನ್ಮಾರ್ಕಿನ ಕೋಪನ್‌ಹೇಗನ್ ತನ್ನ ಬಂದರಿನ ನೀರು ಶುದ್ಧ ಮಾಡಿ 2002ರಲ್ಲಿ ಅಲ್ಲೇ ಈಜುವ ಜಾಗ ತೆರೆಯಿತು. ಪ್ಯಾರಿಸ್ಸಿನ ಸೀನ್ ನದಿಯಲ್ಲಿ 1923ರಿಂದ ಈಜು ನಿಷೇಧ ಇತ್ತು. 2024ರ ಒಲಿಂಪಿಕ್ಸ್‌ಗಾಗಿ ಮಳೆಯ ಕೊಳಚೆ ತಡೆದು ಹಿಡಿಯುವ ದೊಡ್ಡ ತೊಟ್ಟಿ ಕಟ್ಟಿದರು, ಮೇಯರ್ ಆನ್ ಹಿಡಾಲ್ಗೊ ತಾವೇ ನೀರಿಗಿಳಿದು ತೋರಿಸಿದರು. ಆದರೂ ಮಳೆ ಬಂದಾಗ ಟ್ರಯಥ್ಲಾನ್ ಸ್ಪರ್ಧೆ ಮುಂದೆ ಹಾಕಬೇಕಾಯಿತು. 2025ರ ಜುಲೈನಲ್ಲಿ ಮೂರು ಜಾಗಗಳನ್ನು ಸಾರ್ವಜನಿಕರಿಗೆ ಬಿಟ್ಟರು. ನೀರು ಚೆನ್ನಾಗಿದ್ದ ದಿನ ಹಸಿರು ಬಾವುಟ, ಕೆಟ್ಟ ದಿನ ಕೆಂಪು. ಮೇಯರ್ ಈಜಿದ ಫೋಟೋಗಿಂತ ಆ ಕೆಂಪು ಬಾವುಟವನ್ನೇ ನಾನು ಜಾಸ್ತಿ ನಂಬುತ್ತೇನೆ. ಕೆಟ್ಟಿದೆ ಅಂತ ಹೇಳುವವರು ಚೆನ್ನಾಗಿದೆ ಅಂದಾಗ ನಂಬಬಹುದು.

ನಮ್ಮಲ್ಲಿ 2025ರ ಕುಂಭಮೇಳದ ಸಮಯದಲ್ಲಿ ಆದದ್ದು ಇದಕ್ಕೆ ಉಲ್ಟಾ. ಪ್ರಯಾಗ್‌ರಾಜ್‌ನಲ್ಲಿ ಕೋಲಿಫಾರ್ಮ್ ಮಿತಿ ಮೀರಿದೆ ಅಂತ ಕೇಂದ್ರ ಮಂಡಳಿ ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತು. ಆಮೇಲೆ ಇನ್ನೊಂದು ವರದಿಯಲ್ಲಿ ನೀರು ಸ್ನಾನಕ್ಕೆ ಯೋಗ್ಯ ಇತ್ತು ಅಂದಿತು. ಮುಳುಗಿ ಎದ್ದು ಊರಿಗೆ ಬಂದವರು ಯಾವುದನ್ನು ನಂಬಬೇಕು? ಅದೇ ಫೆಬ್ರವರಿಯಲ್ಲಿ ಟಿ. ನರಸೀಪುರದಲ್ಲೂ ಕುಂಭಮೇಳ ನಡೆಯಿತು, ಮೂರು ವರ್ಷಕ್ಕೊಮ್ಮೆ ನಡೆಯುವ ಮೇಳ ಅದು. ಮುಂದಿನ ಮೇಳದ ಒಳಗೆ ಅಲ್ಲೊಂದು ಬೋರ್ಡ್ ನಿಲ್ಲಬೇಕು ಅಂತ ನನ್ನ ಆಸೆ.

ಕೇಳುವುದು ಹೇಗೆ? ಮಾಲಿನ್ಯ ಮಂಡಳಿಗೆ ಮೈಸೂರಿನಲ್ಲೂ ಮಂಡ್ಯದಲ್ಲೂ ಪ್ರಾದೇಶಿಕ ಕಚೇರಿ ಇದೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆಯಿರಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ನೀರು ಯಾಕೆ ಕೆಟ್ಟಿದೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿ. ಹೀಗೆ ಬರೆಯಬಹುದು: "ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯಲ್ಲಿ ಕಳೆದ 12 ತಿಂಗಳಲ್ಲಿ ನೀರಿನ ಮಾದರಿ ತೆಗೆದ ಸ್ಥಳ, ದಿನಾಂಕ, ಮಲದ ಕೋಲಿಫಾರ್ಮ್, ಬಿಒಡಿ, ಕರಗಿದ ಆಮ್ಲಜನಕದ ಪ್ರಮಾಣ ಇರುವ ಪ್ರಯೋಗಾಲಯ ವರದಿಗಳ ನಕಲು ಕೊಡಿ." 30 ದಿನದ ಒಳಗೆ ಉತ್ತರ ಕೊಡಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ವರದಿ ಕೈಗೆ ಸಿಕ್ಕ ಮೇಲೆ ಅದರ ಜೆರಾಕ್ಸ್ ಜೊತೆಗಿಟ್ಟು, ಸ್ನಾನಘಟ್ಟದಲ್ಲಿ ಪ್ರತಿ ತಿಂಗಳ ಫಲಿತಾಂಶದ ಬೋರ್ಡ್ ಹಾಕಿಸಿ ಅಂತ ಪುರಸಭೆಗೂ ಜಿಲ್ಲಾಧಿಕಾರಿಗಳಿಗೂ ಒಂದೊಂದು ಮನವಿ ಕೊಡಿ. ದೇವಸ್ಥಾನದ ಹತ್ತಿರದ ಘಟ್ಟವಾದರೆ ಅಲ್ಲಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಕೊಡಿ. ಮನವಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.